ಓಡಮ್ ಹೊಲಕ್ಕೆ ಹೊರಟ ಹಳದಿ ಮದುಮಗಂದಿರು

ಅಮೆರಿಕದ ಕ್ಯಾರಿ ಊರಿನ ಕನ್ನಡ ಮನೆಗಳಲ್ಲಿ ಹೊಸಬರು ಯಾರಾದರೂ ವಿಜಯಶ್ರೀಯನ್ನು "ನೀವೇನು ಕೆಲಸ ಮಾಡ್ತೀರಿ?" ಎಂದು ಕೇಳಿದರೆ, ಸುತ್ತ ಕುಳಿತವರು ತಟ್ಟೆಯನ್ನು ಮಡಿಲಿಗಿಳಿಸಿ ಕಾಯುತ್ತಿದ್ದರು. ಉತ್ತರ ಎಲ್ಲರಿಗೂ ಗೊತ್ತಿತ್ತು. ಆದರೂ ಅದನ್ನು ಅವಳ ಬಾಯಿಂದಲೇ ಕೇಳಬೇಕು.

"ಗಂಡುಗಳನ್ನ ಮದುವಿಗೆ ತಯಾರ್ ಮಾಡಿ ಕಳಸ್ತೀನ್ರಿ," ಎನ್ನುತ್ತಿದ್ದಳು ವಿಜಯಶ್ರೀ, ಬಿಸಿಬೇಳೆಭಾತಿನ ತುತ್ತನ್ನು ಅರ್ಧದಲ್ಲೇ ನಿಲ್ಲಿಸಿ. "ವಾರಕ್ಕ ಸಾವಿರಾರು. ಮಕ್ಕಳು ಮಾತ್ರ ಆಗೂದಿಲ್ಲ, ಅದೊಂದು ಗ್ಯಾರಂಟಿ."

ಹೊಸಬರ ಮುಖ ಬಿಳಿಚಿಕೊಳ್ಳುತ್ತಿತ್ತು. ಆಗ ಮೈಸೂರಿನ ಶ್ರೀಲತಾ ಕನಿಕರದಿಂದ ನಡುವೆ ಬರುತ್ತಿದ್ದಳು: "ಅಯ್ಯೋ, ಹುಳಗಳ ವಿಷಯ ಕಣ್ರೀ! ಇವ್ರು ಇನ್ಸೆಕ್ಟ್ ಲ್ಯಾಬಲ್ಲಿ ವರ್ಕ್ ಮಾಡೋದು."

ವಿಜಯಶ್ರೀಗೆ ಹೂವು ಹುಳಗಳ ಮದುವೆಯೆಂಬುದು ಹೊಸ ವಿಷಯವೇನಲ್ಲ. ಅವಳು ಹುಟ್ಟಿ ಬೆಳೆದದ್ದು ರಾಣೆಬೆನ್ನೂರಿನ ಬಳಿ, ಹೈಬ್ರಿಡ್ ಹತ್ತಿಬೀಜ ಬೆಳೆಯುವ ಸೀಮೆಯಲ್ಲಿ. ಅಲ್ಲಿ ಹೆಂಗಸರು ಸಂಜೆ ಮೊಗ್ಗಿನ ಗಂಡುಕೇಸರವನ್ನು ಉಗುರಿನಿಂದ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಸಾಲಿನ ಹೂವಿನ ಪರಾಗವನ್ನು ತಂದು ಅದಕ್ಕೆ ಮುಟ್ಟಿಸುತ್ತಾರೆ. ಯಾವ ಹೂವಿಗೆ ಯಾವ ಹೂವು ಎಂಬುದನ್ನು ಹೂವು ತೀರ್ಮಾನಿಸುವಂತಿಲ್ಲ. ಈ ಜಬರ್ದಸ್ತಿನ ಬೀಗತನವನ್ನು ನೋಡುತ್ತಲೇ ಲಂಗ ಬಿಟ್ಟು ಸೀರೆಗೆ ಬಂದ ಹುಡುಗಿ, ಧಾರವಾಡದಲ್ಲಿ ಕೀಟಶಾಸ್ತ್ರದ ಎಂ.ಎಸ್ಸಿ. ಮಾಡಿದಳು. ಗದಗಿನ ಸಿದ್ಧಲಿಂಗೇಶನನ್ನು ಮದುವೆಯಾಗಿ ಉತ್ತರ ಕೆರೊಲಿನಾಕ್ಕೆ ಬಂದಳು. ಅವನು ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿಯಲ್ಲಿ ಇಂಜಿನಿಯರ್. ಇವಳಿಗೆ ಕೆಲಸ ಮಾಡುವ ಪರವಾನಗಿ ಇರಲಿಲ್ಲವಾಗಿ, ಮೊದಲ ಕೆಲವು ವರ್ಷ ಅಪಾರ್ಟ್‌ಮೆಂಟಿನ ಮೆಟ್ಟಿಲ ದೀಪಕ್ಕೆ ಬರುವ ಪತಂಗಗಳನ್ನು ಗಾಜಿನ ಉಪ್ಪಿನಕಾಯಿ ಬಾಟಲಿಯಲ್ಲಿ ಹಿಡಿದು, ಹೆಸರು ಹಚ್ಚಿ, ಬಿಟ್ಟುಬಿಡುವುದೇ ಅವಳ ಉದ್ಯೋಗವಾಗಿತ್ತು. ಗ್ರೀನ್ ಕಾರ್ಡ್ ಕೈಗೆ ಬಂದ ವಾರವೇ ಅವಳು ಡಾ. ಹಾರ್ಗೆಟ್ ಎಂಬ ಕೀಟಶಾಸ್ತ್ರಜ್ಞರ ಸಣ್ಣ ಖಾಸಗಿ ಪ್ರಯೋಗಾಲಯದ ಬಾಗಿಲು ತಟ್ಟಿದಳು. ಸಂದರ್ಶನ ಕೊಡಲು ಹೋದವಳು ಗೋಡೆಯ ಮೇಲೆ ಕುಳಿತಿದ್ದ ಒಂದು ಪತಂಗವನ್ನು ಕಂಡು, "ಇದು ನಿಮ್ಮ ಗೂಡಿನಿಂದ ತಪ್ಪಿಸಿಕೊಂಡದ್ದು, ಹಿಡಿಯಲೇ?" ಎಂದು ಕುರ್ಚಿ ಹತ್ತಿದ್ದಳು. ಕೆಲಸ ಸಿಕ್ಕಿತು.

ಹಾರ್ಗೆಟ್ ಅವರ ಎದುರಾಳಿ ಉಗುರಿನಷ್ಟೂ ಇಲ್ಲದ ಒಂದು ಬೂದು ಪತಂಗ. ಮಡಚಿದ ರೆಕ್ಕೆಯ ಮೇಲೆ ವಜ್ರದಾಕಾರದ ಗುರುತುಗಳಿರುವುದರಿಂದ ಅದಕ್ಕೆ ವಜ್ರಬೆನ್ನಿನ ಪತಂಗವೆಂದು ಹೆಸರು. ಹೆಸರಿನ ಬೆಡಗು ಅದರ ಮರಿಹುಳುವಿಗಿಲ್ಲ; ಎಲೆಕೋಸಿನ ಜಾತಿಯ ಯಾವ ಎಲೆಯನ್ನಾದರೂ ಅದು ಜರಡಿ ಮಾಡಿಬಿಡುತ್ತದೆ. ಎಷ್ಟು ಬಗೆಯ ಔಷಧಿ ಹೊಡೆದರೂ ಅರಗಿಸಿಕೊಂಡು ಮತ್ತೆ ಹುಟ್ಟುವುದನ್ನು ಅದು ಕಲಿತಿತ್ತು. ಹಾಗಾಗಿ ಉಳಿದದ್ದು ಒಂದೇ ದಾರಿ: ಹುಟ್ಟನ್ನೇ ತಡೆಯುವುದು. ಪ್ರಯೋಗಾಲಯದಲ್ಲಿ ಪತಂಗವನ್ನು ಸಾಕಬೇಕು. ಅದು ಕೋಶದೊಳಗೆ ಮಲಗಿರುವಾಗ ಗಂಡು ಹೆಣ್ಣು ಬೇರ್ಪಡಿಸಿ, ಗಂಡುಕೋಶಗಳನ್ನು ಕೋಬಾಲ್ಟಿನ ಗಾಮಾ ಕಿರಣಕ್ಕೆ ಒಡ್ಡಬೇಕು. ಹೊರಬರುವ ಗಂಡು ಹಾರುತ್ತದೆ, ಹೆಣ್ಣನ್ನು ಹುಡುಕುತ್ತದೆ, ಕೂಡುತ್ತದೆ; ಆದರೆ ಆ ಹೆಣ್ಣು ಇಟ್ಟ ಮೊಟ್ಟೆ ಒಡೆಯುವುದಿಲ್ಲ. ಇಂಥ ಗಂಡುಗಳನ್ನು, ಹೊರಗೆ ತಾವಾಗಿ ಹುಟ್ಟಿದ ಕಾಡಿನ ಗಂಡುಗಳಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಹೊಲಕ್ಕೆ ಬಿಟ್ಟರೆ, ಹೆಣ್ಣುಗಳಿಗೆ ಬೇರೆ ವರ ಸಿಗುವುದೇ ದುರ್ಲಭ.

ಸಾವಿರದ ಒಂಬೈನೂರ ತೊಂಬತ್ತೇಳರ ಬೇಸಿಗೆಯಲ್ಲಿ ವಿಜಯಶ್ರೀಯ ಅತ್ತೆ ಶಿವಬಸಮ್ಮ ಆರು ತಿಂಗಳಿಗೆಂದು ಬಂದಿಳಿದರು. ಸೊಸೆಯ ಕೆಲಸದ ವಿವರ ಕೇಳಿ ಅವರು ಕೇಳಿದ ಮೊದಲ ಪ್ರಶ್ನೆ ಹಾರ್ಗೆಟ್ ಅವರೂ ಕೇಳಿಕೊಂಡಿರಲಾರದ್ದು.

"ಅಲ್ಲವಾ ವಿಜಯಾ, ಆ ಹೆಣ್ಣಿಗೆ ಗೊತ್ತಾಗೂದಿಲ್ಲೇನ?"

"ಗೊತ್ತಾದ್ರ ನನ್ನ ಕೆಲಸಾನ ಹೋಗ್ತದ್ರಿ ಅತ್ತಿ."

"ಛೀ, ಪಾಪ! ಜಾತಕ ನೋಡದ ಕೊಟ್ಟಂಗಾತು."

ಆ ಶರತ್ಕಾಲಕ್ಕೆ ಹಾರ್ಗೆಟ್ ಮೊದಲ ಬಾರಿಗೆ ಒಂದು ಪ್ರಯೋಗವನ್ನು ಪೂರ್ತಿ ವಿಜಯಶ್ರೀಯ ಕೈಗೆ ಒಪ್ಪಿಸಿದ್ದರು. ಕ್ಲೈಡ್ ಓಡಮ್ ಎಂಬ ರೈತನ ಕಾಲರ್ಡ್ ಸೊಪ್ಪಿನ ಹೊಲ. ಕಾಲರ್ಡ್ ಎಂದರೆ ತಲೆ ಕಟ್ಟದ ಎಲೆಕೋಸು. ಆ ಸೀಮೆಯವರಿಗೆ ಅದಿಲ್ಲದೆ ಹಬ್ಬವಿಲ್ಲ. ಓಡಮ್ ತನ್ನ ಹೊಲಕ್ಕೆ ಔಷಧಿ ಹೊಡೆಯದೆ ಕಾಯಲು ಒಪ್ಪಿದ್ದು ಒಂದೇ ಕರಾರಿನ ಮೇಲೆ: ಪ್ರಯೋಗ ಹಳಿ ತಪ್ಪಿತೆಂದು ಹಾರ್ಗೆಟ್ ಹೇಳಿದ ಕ್ಷಣ ಸ್ಪ್ರೇಯರ್ ಹೊಲಕ್ಕೆ ಇಳಿಯುತ್ತದೆ. ಒಮ್ಮೆ ಇಳಿದರೆ ವಿಜಯಶ್ರೀಯ ಗಂಡುಗಳೂ ಸತ್ತವು, ಪ್ರಯೋಗವೂ ಸತ್ತಿತು.

ಹಳಿಯ ಮೇಲಿದೆಯೋ ಇಲ್ಲವೋ ಎಂದು ತಿಳಿಯಲು ಮೋಹಕ ಬಲೆಗಳಿದ್ದವು. ಹೆಣ್ಣಿನ ವಾಸನೆ ಸವರಿದ, ಒಳಗೆ ಅಂಟು ಬಳಿದ ರಟ್ಟಿನ ಪುಟ್ಟ ಗುಡಾರಗಳು. ಬಿಡುವ ಗಂಡುಗಳಿಗೆಲ್ಲ ಮೊದಲೇ ಹೊಳೆಯುವ ಪುಡಿ ಉದುರಿಸಿರುತ್ತಾರೆ. ಬಲೆಗೆ ಬಿದ್ದದ್ದು ನೇರಳಾತೀತ ದೀಪದಡಿ ಹೊಳೆದರೆ ನಮ್ಮದು, ಹೊಳೆಯದಿದ್ದರೆ ಕಾಡಿನದು. ಪೈನ್ ಕಾಡಿನಾಚೆ, ಬಹಳ ದೂರದಲ್ಲಿ, ಏನೂ ಬಿಡದ ಇನ್ನೊಂದು ಹೊಲದಲ್ಲೂ ಹೋಲಿಕೆಗೆಂದು ಬಲೆ ಕಟ್ಟುತ್ತಾರೆ. ಅಲ್ಲಿ ಹೊಳೆಯುವುದು ಒಂದೂ ಇರಬಾರದು.

ಪುಡಿ ನಾಲ್ಕು ಬಣ್ಣಗಳಲ್ಲಿ ಸಿಗುತ್ತಿತ್ತು. ಕಿತ್ತಳೆ, ಗುಲಾಬಿ, ನೀಲಿ, ಹಳದಿ. ಹಾರ್ಗೆಟ್ ಯಾವುದಾದರೂ ಆದೀತು ಎಂದರು. ವಿಜಯಶ್ರೀ ಹಳದಿಯನ್ನು ಆರಿಸಿದಳು. ಮದುವೆಗೆ ಹೊರಟ ಗಂಡಿಗೆ ಅರಿಶಿನ ಹಚ್ಚದೆ ಕಳಿಸುವುದುಂಟೇ?

ಬಲೆಗಳ ರಟ್ಟು ತಡವಾಗಿ ಬಂತು. ಹೊಲಕ್ಕೆ ಕಟ್ಟುವ ಹಿಂದಿನ ದಿನ ಶ್ರಾವಣದ ಕೊನೆಯ ಶುಕ್ರವಾರ. ಶಿವಬಸಮ್ಮ ಅಮೆರಿಕದ ಮುತ್ತೈದೆಯರಿಗೆ ಉಡಿ ತುಂಬದೆ ಹೋಗುವುದಿಲ್ಲವೆಂದು ಹಟ ಹಿಡಿದು ಎಲ್ಲರನ್ನೂ ಕರೆಸಿದ್ದರು. ವಿಜಯಶ್ರೀ ರಟ್ಟಿನ ಪೆಟ್ಟಿಗೆಗಳನ್ನು ಮನೆಗೇ ತಂದು, ಊಟದ ಮೇಜಿನ ಮೇಲೆ ಹರವಿಕೊಂಡು ಕುಳಿತಳು. ಅತ್ತ ಶಿವಬಸಮ್ಮ ಒಬ್ಬೊಬ್ಬರನ್ನೇ ಮಣೆಯ ಮೇಲೆ ಕೂರಿಸಿ, ಗದಗಿನಿಂದ ತಂದ ಅರಿಶಿನವನ್ನು ನೀರಲ್ಲಿ ಕಲಸಿ ಕೆನ್ನೆಗೆ, ಅಂಗೈಗೆ ಧಾರಾಳವಾಗಿ ಬಳಿದು, ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಉಡಿಗೆ ಹಾಕಿ ಏಳಿಸುತ್ತಿದ್ದರು. ಉಡಿ ತುಂಬಿಸಿಕೊಂಡವರು ನೇರ ಮೇಜಿನ ಬಳಿಗೆ ಬಂದರು.

"ಏನ್ರೀ ವಿಜಯಾ, ಎಷ್ಟೊಂದಿದೆ! ಕೊಡಿ, ಫೋಲ್ಡ್ ಮಾಡ್ತೀವಿ," ಎಂದಳು ಶ್ರೀಲತಾ.

"ಬ್ಯಾಡ್ರಿ, ಅಂಟು ಅದ ಅದರಾಗ."

"ನಮಗೇನು ಅಂಟೋದು ಹೊಸದಾ? ಹದಿನೈದು ವರ್ಷದಿಂದ ಗಂಡನಿಗೆ ಅಂಟ್ಕೊಂಡಿದೀನಿ."

ನಗೆಯ ನಡುವೆ ಹೆಂಗಸರು ಶ್ಯಾವಿಗೆ ಹೊಸೆಯಲು ಕುಳಿತಂತೆ ಸುತ್ತುಗಟ್ಟಿ ಕುಳಿತರು. ಅಂಟಿನ ಮೇಲಿನ ಕಾಗದ ಸುಲಿಯುವವರು ಒಬ್ಬರು, ಮಡಚುವವರು ಒಬ್ಬರು, ವಾಸನೆ ಸವರಿದ ರಬ್ಬರು ತುಂಡನ್ನು ಇಕ್ಕುಳದಿಂದ ಇಡುವವಳು ವಿಜಯಶ್ರೀ. ಚಹಾ ಕುದಿಯುವಷ್ಟರಲ್ಲಿ ಕೆಲಸ ಮುಗಿಯಿತು.

ಬಲೆ ಕಟ್ಟಿ, ಗಂಡುಗಳನ್ನು ಬಿಟ್ಟು, ಒಂದು ವಾರ ಕಳೆದು, ಶುಕ್ರವಾರ ವಿಜಯಶ್ರೀ ಮತ್ತು ಹಾರ್ಗೆಟ್ ಮೊದಲ ಎಣಿಕೆಗೆ ಕುಳಿತರು. ಕತ್ತಲೆ ಕೋಣೆಯಲ್ಲಿ ದೀಪ ಹಚ್ಚಿದರೆ ಓಡಮ್ ಹೊಲದ ಬಲೆಗಳಲ್ಲಿ ದೀಪಾವಳಿ! ಕಾಡಿನ ಗಂಡು ಇದೆಯೋ ಇಲ್ಲವೋ ಎನ್ನುವಂತೆ ಎಲ್ಲವೂ ಹಳದಿಯಾಗಿ ಹೊಳೆಯುತ್ತಿದ್ದವು. ಹಾರ್ಗೆಟ್ ಮೇಜು ಗುದ್ದಿದರು. ವಿಜಯಶ್ರೀ ಕತ್ತಲಲ್ಲೇ ಒಂದು ಸುತ್ತು ತಿರುಗಿ ಕುರ್ಚಿ ಎಡವಿದಳು. ಬಳಿಕ ಹೋಲಿಕೆಯ ಹೊಲದ ಬಲೆಗಳನ್ನು ತೆರೆದರು.

ಅಲ್ಲೂ ದೀಪಾವಳಿ.

ಹಾರ್ಗೆಟ್ ದೀಪ ಆರಿಸಿದರು. "ನಿನ್ನ ಗಂಡುಗಳು ಹೆಂಡತಿಯರನ್ನು ಬಿಟ್ಟು ಪಕ್ಕದೂರಿಗೆ ಓಡಿಹೋಗಿದ್ದಾರೆ, ವಿಜಯ. ಇನ್ನು ಹೋಲಿಸುವುದಕ್ಕೆ ಹೊಲವೇ ಇಲ್ಲ. ಓಡಮ್‌ಗೆ ಇವತ್ತೇ ಫೋನು ಮಾಡಿ, ಸೋಮವಾರ ಔಷಧಿ ಹೊಡೆಯಲು ಹೇಳುತ್ತೇನೆ."

ಆ ರಾತ್ರಿ ಅವಳು ಉಣ್ಣಲಿಲ್ಲ. ಇಷ್ಟು ಪುಟ್ಟ ಪತಂಗ ಅಷ್ಟು ದೂರ, ಅಷ್ಟು ಬೇಗ, ಅಷ್ಟು ಸಂಖ್ಯೆಯಲ್ಲಿ ಹೋಗುವುದು ಹೇಗೆ? ಶನಿವಾರ ಬೆಳಿಗ್ಗೆ ಬಲೆಗಳನ್ನು ಇನ್ನೊಮ್ಮೆ ನೋಡುತ್ತೇನೆಂದು ಹೊರಟಳು. ಸಿದ್ಧಲಿಂಗೇಶ್ ಕಾರು ತೆಗೆದ. ಸೊಸೆಯ ಮುಖ ನೋಡಲಾರದೆ ಶಿವಬಸಮ್ಮ, ಆಗಷ್ಟೇ ಮಿಂದು ಪೂಜೆ ಮುಗಿಸಿದವರು, ತಾವೂ ಹಿಂದಿನ ಸೀಟಿನಲ್ಲಿ ಕುಳಿತರು.

ಕತ್ತಲೆ ಕೋಣೆಯಲ್ಲಿ ಮೂವರೂ ನಿಂತರು. ವಿಜಯಶ್ರೀ ದೀಪದ ಗುಂಡಿ ಒತ್ತಿದಳು.

"ಯವ್ವಾ!" ಎಂದು ಸಿದ್ಧಲಿಂಗೇಶ್ ಬಾಗಿಲಿಗೆ ಬೆನ್ನು ಹಚ್ಚಿದ.

ಕತ್ತಲಲ್ಲಿ ಎರಡು ಹಳದಿ ಕೆನ್ನೆಗಳು ತೇಲುತ್ತಿದ್ದವು. ಅವುಗಳ ಕೆಳಗೆ ಎರಡು ಅಂಗೈ, ಇನ್ನೂ ಕೆಳಗೆ ಎರಡು ಪಾದ, ನಡುವೆ ತಾಳಿಯ ದಾರ. ಉಳಿದ ಶರೀರವೇ ಇಲ್ಲ.

"ಯಾಕಲೇ ಸಿದ್ಧೂ, ಹಾವು ಬಂತೇನ?" ಎಂದವು ಕೆನ್ನೆಗಳು.

"ನೀನಽ ಬಂದೀಯವ್ವಾ! ಗುಡಿ ಬಿಟ್ಟು ದೇವಿ ಎದ್ದು ಬಂದಂಗ ಆಗ್ಯದ!"

ಶಿವಬಸಮ್ಮ ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಹೆದರುವ ಬದಲು ಅವರಿಗೆ ಖುಷಿಯೇ ಆಯಿತು. ಒಂದು ಕಾಲೆತ್ತಿ, ಬೆರಳಾಡಿಸಿ, "ಅಯ್ಯ, ಎಷ್ಟ ಚಂದ!" ಎಂದರು. ಸಿದ್ಧಲಿಂಗೇಶನಿಗೆ ನಗು ತಡೆಯಲಾಗಲಿಲ್ಲ. ವಿಜಯಶ್ರೀ ಮಾತ್ರ ನಗಲಿಲ್ಲ. ಅವಳು ಮೂಲೆಯಲ್ಲಿದ್ದ, ಯಾವ ಹೊಲಕ್ಕೂ ಹೋಗದೆ ಮಿಕ್ಕಿದ್ದ ಬಲೆಯೊಂದನ್ನು ತಂದು ಬಿಡಿಸಿ ದೀಪದಡಿ ಹಿಡಿದಳು. ಒಂದೂ ಪತಂಗವಿಲ್ಲದ ಅಂಟಿನ ತುಂಬ ಹಳದಿ ಬೆರಳಚ್ಚುಗಳು; ಪತಂಗ ಕಿಕ್ಕಿರಿದ ಬಲೆಗಳಲ್ಲಿ ಅವು ಕಣ್ಣಿಗೆ ಬಿದ್ದಿರಲಿಲ್ಲ. ಮಡಿಕೆಯ ಬಳಿ ಇಡೀ ಒಂದು ಅಂಗೈ, ಗೋಡೆಗೆ ಹಸ್ತ ಮೂಡಿಸಿದಂತೆ. ಇಂಥ ಅಂಟಿನಲ್ಲಿ ಬಿದ್ದು ರೆಕ್ಕೆ ಬಡಿದು ಹೊರಳಾಡಿದ ಯಾವ ಪತಂಗವಾದರೂ ಹೊಳೆಯದೆ ಏನು ಮಾಡೀತು!

"ಅತ್ತೀ," ಎಂದಳು ಅವಳು ನಿಧಾನವಾಗಿ, "ನೀವು ಉಡಿ ತುಂಬಿದ್ದು ಮುತ್ತೈದೇರಿಗಷ್ಟ ಅಲ್ಲ. ಕೆರೊಲಿನಾದ ಪತಂಗಗಳಿಗೆಲ್ಲಾ ಅರಿಶಿನ ಹಚ್ಚೀರಿ."

ಆಮೇಲೆ ನಕ್ಕಳು. ಕುಸಿದು ನೆಲಕ್ಕೆ ಕುಳಿತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಓಡಿಹೋದ ಗಂಡು ಒಂದೂ ಇರಲಿಲ್ಲ! ಶ್ರೀಲತಾಳಿಗೆ ಅಲ್ಲಿಂದಲೇ ಫೋನು ಮಾಡಿದರೆ ಆಕೆ, "ನಮ್ಮನ್ನ ಅರೆಸ್ಟ್ ಗಿರೆಸ್ಟ್ ಮಾಡಲ್ಲ ತಾನೆ?" ಎಂದಳು.

ಹಾರ್ಗೆಟ್ ಮಾತ್ರ ಫೋನಿನಲ್ಲಿ ನಗಲಿಲ್ಲ. ಎಲ್ಲವನ್ನೂ ಕೇಳಿದರು. "ಹಾಗಾದರೆ ಓಡಮ್ ಹೊಲದ ಎಣಿಕೆಯೂ ಸುಳ್ಳು. ನಿನ್ನ ಗಂಡುಗಳು ಓಡಿಹೋಗಿಲ್ಲವೆಂದು ಗೊತ್ತಾಯಿತೇ ಹೊರತು ಕೆಲಸ ಮಾಡಿದ್ದಾರೆಂದು ಗೊತ್ತಾಗಲಿಲ್ಲ. ಅಲ್ಲವೇ?"

"ಹೌದು."

"ಹಳದಿಯನ್ನು ಯಾಕೆ ಆರಿಸಿದೆ?"

ವಿಜಯಶ್ರೀ ಕಾರಣ ಹೇಳಿದಳು. ಅತ್ತ ಕಡೆಯಿಂದ ದೊಡ್ಡದೊಂದು ನಿಟ್ಟುಸಿರು ಬಂತು. "ಇನ್ನು ಉಳಿದಿರುವುದು ಮೊಟ್ಟೆಗಳು. ಎರಡೂ ಹೊಲದಿಂದ ಮೊಟ್ಟೆ ತಂದು ಒಡೆಯುತ್ತವೋ ಇಲ್ಲವೋ ನೋಡು. ಆದರೆ ಅದಕ್ಕೆ ದಿನಗಳು ಬೇಕು, ಓಡಮ್‌ಗೆ ನಾನು ಸೋಮವಾರವೆಂದು ಹೇಳಿಯಾಗಿದೆ. ನಿಲ್ಲಿಸಬೇಕಾದರೆ ನೀನೇ ನಿಲ್ಲಿಸು."

ಭಾನುವಾರ ಮಧ್ಯಾಹ್ನ ಅವಳು, ಅತ್ತೆಯೊಂದಿಗೆ, ಓಡಮ್ ಹೊಲದ ಅಂಚಿನಲ್ಲಿ ಕಾರು ನಿಲ್ಲಿಸಿದಳು. ಕ್ಲೈಡ್ ಓಡಮ್ ಚರ್ಚಿನಿಂದ ಆಗಷ್ಟೇ ಬಂದಿದ್ದ. ಕೋಟು ಕಳಚಿದ್ದ, ಟೈ ಕಳಚಿರಲಿಲ್ಲ. ಅದೇ ವೇಷದಲ್ಲಿ ಶೆಡ್ಡಿನೊಳಗೆ ಸ್ಪ್ರೇಯರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುತ್ತಿದ್ದ. ಆ ಸೀಮೆಯ ರಾಗದಲ್ಲಿ, ಪ್ರತಿ ಮಾತನ್ನೂ ಎಳೆದೆಳೆದು ಕೇಳಿದ:

"ಏನಮ್ಮ ಮಿಸ್ ವಿಜಯ, ನಿನ್ನ ಹುಡುಗರು ಊರು ಬಿಟ್ಟರಂತೆ?"

"ಬಿಟ್ಟಿಲ್ಲ, ಮಿಸ್ಟರ್ ಓಡಮ್. ನಿಮ್ಮ ಹೊಲದಲ್ಲೇ ಇದ್ದಾರೆ. ತಪ್ಪು ನನ್ನದು. ಬಲೆಗೆ ಅರಿಶಿನ ಹತ್ತಿತ್ತು."

"ಅರಿಶಿನ?"

ಅರಿಶಿನವೆಂದರೆ ಏನೆಂದು ಕ್ಲೈಡ್ ಓಡಮ್‌ಗೆ ಹೇಗೆ ವಿವರಿಸುವುದು? ಅವಳು ಬೇರು ಎಂದಳು, ಬಣ್ಣ ಎಂದಳು, ಅಡುಗೆ ಎಂದಳು, ಪೂಜೆ ಎಂದಳು. ಅವನ ಹುಬ್ಬು ಒಂದೊಂದು ಮಾತಿಗೂ ಮೇಲೇರಿತು. ಅಷ್ಟರಲ್ಲಿ ಅವಳ ಕಣ್ಣು ಅವನ ಟೈ ಮೇಲಿನ ಕಲೆಯ ಮೇಲೆ ಬಿತ್ತು.

"ಇವತ್ತು ಚರ್ಚಿನಲ್ಲಿ ಊಟವಿತ್ತೇ?"

"ಹಾಟ್‌ಡಾಗ್. ಯಾಕೆ?"

"ಸಾಸಿವೆ ಸಾಸ್ ಹಾಕಿಕೊಂಡಿರಿ."

"ಎಲ್ಲರೂ ಹಾಕಿಕೊಳ್ಳುತ್ತಾರೆ."

ಅವಳು ಚೀಲದಿಂದ ಬ್ಯಾಟರಿಯ ನೇರಳಾತೀತ ದೀಪ ತೆಗೆದು, ಅವನನ್ನು ಶೆಡ್ಡಿನ ಕತ್ತಲೆ ಮೂಲೆಗೆ ಕರೆದು, ಟೈಗೆ ಹಿಡಿದಳು. ಕಲೆ ಹಳದಿಯಾಗಿ ಧಗ್ಗೆಂದಿತು. ಅದರ ಜೊತೆಗೆ ಅಂಗಿಯ ಗುಂಡಿಯ ಬಳಿ ಇನ್ನೊಂದು, ಮೀಸೆಯ ತುದಿಯಲ್ಲಿ ಮತ್ತೊಂದು. ಸಾಸಿವೆ ಸಾಸಿನ ಬಣ್ಣ ಸಾಸಿವೆಯದಲ್ಲ, ಅರಿಶಿನದ್ದು, ಎಂದಳು ವಿಜಯಶ್ರೀ.

ಓಡಮ್ ತನ್ನ ಟೈಯನ್ನು ನೋಡಿದ, ಅವಳನ್ನು ನೋಡಿದ. "ಅಂದರೆ ಈ ಲೆಕ್ಕದಲ್ಲಿ ನಾನೂ ಗಾಮಾ ಕಿರಣ ಕಂಡು ಬಂದವನು?"

"ನೀವು ಬಲೆಗೆ ಬಿದ್ದಿದ್ದರೆ ನಾನು ಹಾಗೇ ಎಣಿಸುತ್ತಿದ್ದೆ."

"ನನಗೆ ಐದು ಮಕ್ಕಳಿದ್ದಾರೆ, ಮೇಡಂ!"

ಅವನ ನಗು ಶೆಡ್ಡಿನ ತಗಡನ್ನು ನಡುಗಿಸಿತು. ಭಾಷೆ ಗೊತ್ತಿಲ್ಲದ ಶಿವಬಸಮ್ಮನೂ ನಕ್ಕರು; ಅವರು ನಗುವುದನ್ನು ನೋಡಿ ಓಡಮ್ ಮತ್ತೂ ನಕ್ಕ. ಕಣ್ಣೊರೆಸಿಕೊಂಡ ಮೇಲೆ ಅವನ ದನಿ ಬದಲಾಯಿತು.

"ಸರಿ. ಆದರೆ ಈ ಸೊಪ್ಪಿನ ಮೇಲೆ ನನ್ನ ಇಡೀ ಚಳಿಗಾಲ ನಿಂತಿದೆ. ನಿನ್ನ ಬಳಿ ಪುರಾವೆ ಏನಿದೆ?"

"ಈಗ ಏನೂ ಇಲ್ಲ," ಎಂದಳು ವಿಜಯಶ್ರೀ. "ಎಲೆಯಡಿ ಮೊಟ್ಟೆಗಳಿವೆ. ಅವು ಒಡೆದರೆ ನಾನೇ ಬಂದು ಸ್ಪ್ರೇಯರ್ ಸಿಕ್ಕಿಸುತ್ತೇನೆ."

ಓಡಮ್ ಹೊಲದ ಕಡೆಗೊಮ್ಮೆ ದಿಟ್ಟಿಸಿ, "ಬರುವ ಶನಿವಾರದ ತನಕ," ಎಂದ.

ಅತ್ತೆ ಸೊಸೆ ಅಂದೇ ಎರಡೂ ಹೊಲಗಳಲ್ಲಿ ಬೆನ್ನು ಬಗ್ಗಿಸಿ ಎಲೆ ಮಗುಚಿದರು. ಶಿವಬಸಮ್ಮನ ಕಣ್ಣಿಗೆ ಕನ್ನಡಕ ಬೇಕಿದ್ದರೂ ಉತ್ಸಾಹಕ್ಕೆ ಏನೂ ಬೇಕಿರಲಿಲ್ಲ. ಅವರು ಮೊಟ್ಟೆಯೆಂದು ತೋರಿಸಿದವುಗಳಲ್ಲಿ ಅರ್ಧ ಮಣ್ಣಿನ ಕಣಗಳು. ಮೊಟ್ಟೆಯಿದ್ದ ಎಲೆಗಳನ್ನು ತೇವದ ಹತ್ತಿಯ ಮೇಲೆ ಮುಚ್ಚಳದ ಬಟ್ಟಲುಗಳಲ್ಲಿ ಇರಿಸಿ, ಮೇಲೆ ಹೊಲದ ಹೆಸರು ಬರೆದು, ಪ್ರಯೋಗಾಲಯದ ಬೆಚ್ಚನೆ ಕಪಾಟಿಗೆ ಸೇರಿಸಿದರು. ಆ ವಾರವೆಲ್ಲ ವಿಜಯಶ್ರೀ ಮನೆಯಲ್ಲಿ ಉಪ್ಪಿಲ್ಲದ ಸಾರು, ಎರಡು ಸಲ ಉಪ್ಪು ಬಿದ್ದ ಪಲ್ಯ ಮಾಡಿದಳು. ಸಿದ್ಧಲಿಂಗೇಶ್ ಎರಡನ್ನೂ ಕಲಸಿಕೊಂಡು ಉಂಡ.

ಗುರುವಾರ ಹೋಲಿಕೆಯ ಹೊಲದ ಮೊಟ್ಟೆಗಳೊಳಗೆ ಕಪ್ಪು ಚುಕ್ಕೆ ಕಂಡಿತು: ಮರಿಗಳ ತಲೆ. ಶುಕ್ರವಾರ ಅವು ಒಡೆದು, ದಾರದ ಚೂರಿನಂಥ ಹುಳುಗಳು ಬಟ್ಟಲ ತುಂಬ ಹರಿದಾಡಿದವು. ಓಡಮ್ ಹೊಲದ ಬಟ್ಟಲುಗಳಲ್ಲಿ ಅಲ್ಲೊಂದು ಇಲ್ಲೊಂದು ಹುಳು. ಉಳಿದ ಮೊಟ್ಟೆಗಳು ಚುಕ್ಕೆಯಿಲ್ಲದೆ, ಚಲನೆಯಿಲ್ಲದೆ, ನಡುವೆ ಕುಗ್ಗಿ ಗುಳಿಬಿದ್ದಿದ್ದವು. ವಿಜಯಶ್ರೀ ಮಸೂರದಿಂದ ಕಣ್ಣು ತೆಗೆದಳು, ಒರೆಸಿಕೊಂಡಳು, ಮತ್ತೆ ಇಟ್ಟಳು. ಹಾರ್ಗೆಟ್ ಅವಳನ್ನು ಸರಿಸಿ ತಾವು ನೋಡಿದರು. ತಾವು ಸರಿದು ಮತ್ತೆ ಅವಳಿಗೆ ಬಿಟ್ಟರು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ತಳ್ಳುತ್ತ ಮಧ್ಯಾಹ್ನದ ತನಕ ನೋಡಿದರು. ಆಮೇಲೆ ಆ ಗಂಭೀರ ಮನುಷ್ಯ ಕೋಟು ಸರಿಪಡಿಸಿಕೊಂಡು, "ಮುಂದಿನ ಸರದಿಗೆ ನೀಲಿ," ಎಂದರು. ಬಾಗಿಲು ದಾಟಿದ ಮೇಲೆ ಕಾರಿಡಾರಿನಲ್ಲಿ ಅವರ ಸಿಳ್ಳೆ ಕೇಳಿಸಿತು.

ಶನಿವಾರ ಅವಳು ಎರಡು ಬಟ್ಟಲು ಮತ್ತು ಮಸೂರ ಹಿಡಿದು ಓಡಮ್ ಮುಂದೆ ನಿಂತಳು. ಅವನು ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಮೊಣಕೈ ಊರಿ ನೋಡಿದ. ಮೊದಲು ಹರಿದಾಡುವ ಬಟ್ಟಲು. ಆಮೇಲೆ ಸುಮ್ಮನಿರುವ ಬಟ್ಟಲು. ಎರಡನೆಯದನ್ನು ಬಹಳ ಹೊತ್ತು ನೋಡಿದ. ಹಿಂದೆ ಹೋಗಿ, ಪಿನ್ನು ಎಳೆದು, ಸ್ಪ್ರೇಯರನ್ನು ಬಿಡಿಸಿದ. ಅದು ದಡಕ್ಕನೆ ನೆಲಕ್ಕೆ ಕುಳಿತಿತು.

"ಇವತ್ತು ಬಿಡುವುದಕ್ಕೆ ಹುಡುಗರಿದ್ದಾರೇನು?"

ಕಾರಿನ ತುಂಬ ಇದ್ದರು, ನೀಲಿ ಪುಡಿ ಮೆತ್ತಿಕೊಂಡು, ಡಬ್ಬಿಗಳಲ್ಲಿ. ಓಡಮ್ ಖಾಲಿ ಗಾಡಿಯೊಂದನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿ, ಶಿವಬಸಮ್ಮನಿಗೆ ಕೈ ಕೊಟ್ಟು ಹತ್ತಿಸಿ, ಹುಲ್ಲಿನ ಹೊರೆಯ ಮೇಲೆ ಕೂರಿಸಿದ. ವಿಜಯಶ್ರೀ ಡಬ್ಬಿಗಳ ನಡುವೆ ನಿಂತಳು. ಸಾಲಿನಿಂದ ಸಾಲಿಗೆ ಅವಳು ಮುಚ್ಚಳ ತೆಗೆದಂತೆ ಗಂಡುಗಳು ಹೊಗೆಯಂತೆ ಎದ್ದು, ಗಾಳಿಯಲ್ಲಿ ಒಂದು ಕ್ಷಣ ತಬ್ಬಿಬ್ಬಾಗಿ, ಸೊಪ್ಪಿನೊಳಗೆ ಇಳಿದವು. ಕೆಲವು ಓಡಮ್‌ನ ಟೋಪಿಯ ಮೇಲೆ, ಕೆಲವು ಶಿವಬಸಮ್ಮನ ಸೆರಗಿನ ಮೇಲೆ.

"ಏ, ಹೋಗ್ರಪಾ, ನನಗ ಮದುವಿ ಆಗ್ಯದ!" ಎಂದು ಅವರು ಸೆರಗು ಕೊಡವಿದರು. ಗಾಡಿ ಗುಂಡಿಯೊಂದನ್ನು ಹಾರಿತು. "ವಿಜಯಾ, ಸಾವಕಾಶ ಹೊಡಿ ಅನ್ನವಾ ಆತಗ!"

ಓಡಮ್ ತಿರುಗಿ ನೋಡಿದ. "ಅಮ್ಮ ಏನಂದರು?"

ವಿಜಯಶ್ರೀಯ ಕೂದಲು ಬಿಚ್ಚಿ ಗಾಳಿಗೆ ಬಿದ್ದಿತ್ತು. ಕೈಯಲ್ಲಿ ಇನ್ನೂ ತೆರೆಯದ ಡಬ್ಬಿಗಳಿದ್ದವು, ಮುಂದೆ ಇನ್ನೂ ಅರ್ಧ ಹೊಲವಿತ್ತು.

"ಇನ್ನೂ ಜೋರಾಗಿ ಹೊಡೆಯಬೇಕಂತೆ," ಎಂದಳು.